ಸೀಸದ ಬುಲೆಟ್ಟಿಗೆ ಗ್ಯಾಸ್ ಚೆಕ್ ಹಾಕಲೇಬೇಕಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಊರು ಕೊಡಗು, ಈಗ ಇರುವುದು ಟೆಕ್ಸಾಸ್‌ನಲ್ಲಿ. ಕೈಲ್ ಪೊಳ್ದ್ ಬಂದರೆ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡುತ್ತಾ ಬೆಳೆದವನು ನಾನು, ಆದರೆ ರೀಲೋಡಿಂಗ್ (ತೋಟಾ ನಾವೇ ತುಂಬಿಸಿಕೊಳ್ಳುವುದು) ಕಲಿತದ್ದು ಇಲ್ಲಿಗೆ ಬಂದ ಮೇಲೆ. ಇಷ್ಟು ದಿನ .38 ಸ್ಪೆಷಲ್ ರಿವಾಲ್ವರ್ ತೋಟಾ ಮಾತ್ರ ಮಾಡುತ್ತಿದ್ದೆ. ಈಗ .30-30 ತೋಟಾದ ಲಿವರ್ ರೈಫಲ್ ತಗೊಂಡಿದ್ದೇನೆ. ರೇಂಜ್‌ನಲ್ಲಿ ಪರಿಚಯವಾದ ಹಿರಿಯರೊಬ್ಬರು ತಾವೇ ಎರಕ ಹೊಯ್ದ ಬುಲೆಟ್ ಒಂದು ಡಬ್ಬಿ ಕೊಟ್ಟರು. ಅದರ ತಳ ಸ್ವಲ್ಪ ಸಣ್ಣ, ಮೆಟ್ಟಿಲು ಕೊರೆದ ಹಾಗಿದೆ. "ಚೆಕ್ ಹಾಕಿ ಹೊಡಿ" ಅಂದರು. ನನ್ನ .38ಕ್ಕೆ ಇಂಥದ್ದು ಯಾವತ್ತೂ ಬೇಕಾಗಿರಲಿಲ್ಲ. ಇದು ಏನು, ಹಾಕದಿದ್ದರೆ ಏನಾಗುತ್ತದೆ?

ಉತ್ತರ 1:
ಒನಕೆಯ ತುದಿಗೆ ಕಬ್ಬಿಣದ ಬಳೆ ಹಾಕುತ್ತಾರಲ್ಲ, ಮರ ಸೀಳದಿರಲಿ ಅಂತ? ಹೆಚ್ಚುಕಮ್ಮಿ ಅದೇ ಕೆಲಸ. ಗ್ಯಾಸ್ ಚೆಕ್ ಅಂದರೆ ತಾಮ್ರದ್ದೋ ಅಲ್ಯೂಮಿನಿಯಂದೋ ಒಂದು ಪುಟ್ಟ ಬಟ್ಟಲು. ನೀವು ನೋಡಿದ ಮೆಟ್ಟಿಲು ಇರುವುದೇ ಅದು ಕೂರಲಿ ಅಂತ. ಪೌಡರ್ ಉರಿದಾಗ ಬಿಸಿ ಗ್ಯಾಸ್ ಬುಲೆಟ್ಟಿನ ಪಕ್ಕದಲ್ಲಿ ಸಂದಿ ಸಿಕ್ಕ ಕಡೆ ನುಗ್ಗಿ ಸೀಸವನ್ನು ಕೊರೆಯುತ್ತದೆ, ಕೊರೆದದ್ದು ಬ್ಯಾರೆಲ್ಲಿಗೆ ಮೆತ್ತಿಕೊಳ್ಳುತ್ತದೆ. ತಳದಲ್ಲಿ ಚೆಕ್ ಇದ್ದರೆ ಅದು ತಡೆಯುತ್ತದೆ. .38 ಸ್ಪೆಷಲ್ ನಿಧಾನದ ತೋಟಾ, ಸೆಕೆಂಡಿಗೆ 700-800 ಅಡಿ, ಅಲ್ಲಿ ಬೇಕಿಲ್ಲ. ಸುಮಾರು 1,400 ಅಡಿ ದಾಟಿದರೆ ಚೆಕ್ ಇರಲಿ. .30-30ರಲ್ಲಿ 1,800-2,000 ಅಡಿ ಹೊಡೆಯುವ ಆಸೆ ಇದ್ದರೆ ಹಾಕದೆ ಬಿಡಬೇಡಿ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದರೆ ಹೊಸಬರು ಎಡವುವ ಜಾಗ ಬೇರೆ. ಚೆಕ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳುತ್ತಾರೆ. ಬುಲೆಟ್ ನಳಿಗೆಗೆ ಸಡಿಲವಾಗಿದ್ದರೆ ಚೆಕ್ ಏನೂ ಮಾಡಲ್ಲ. ನನಗೆ ಮೊದಲ ವರ್ಷ ಹೀಗೇ ಆಯಿತು: ಹೊಸ ಚೆಕ್, ಒಳ್ಳೆ ಲೂಬ್ (ಬುಲೆಟ್ಟಿಗೆ ಸವರುವ ಜಿಡ್ಡು), ಆದರೂ ಇಪ್ಪತ್ತು ಗುಂಡು ಹೊಡೆದು ಬ್ಯಾರೆಲ್ಲಿನಲ್ಲಿ ಪ್ಯಾಚ್ (ಒರೆಸುವ ಬಟ್ಟೆ ತುಂಡು) ಎಳೆದರೆ ಬೆಳ್ಳಿ ರೇಕಿನಂಥ ಚೂರುಗಳು ಬಂದವು, ಅದೂ ಚೇಂಬರ್ (ತೋಟಾ ಕೂರುವ ಜಾಗ) ಪಕ್ಕದಲ್ಲೇ ಜಾಸ್ತಿ. ಅಳೆದಾಗ ಬುಲೆಟ್ ಬ್ಯಾರೆಲ್ಲಿನ ಒಳಗೆ ಕೊರೆದ ಗ್ರೂವ್‌ನ ಅಳತೆಗಿಂತ ಸಣ್ಣ! ಅದಕ್ಕೇ ಮೊದಲು ರೈಫಲ್ ಖಾಲಿ ಇದೆಯಾ ನೋಡಿಕೊಂಡು, ಮೆತ್ತನೆ ಸೀಸದ ತುಂಡೊಂದನ್ನು ಬ್ಯಾರೆಲ್ಲಿನಲ್ಲಿ ತಳ್ಳಿ ಮೈಕ್ರೋಮೀಟರ್‌ನಿಂದ ಅಳೆಯಿರಿ. ಬುಲೆಟ್ ಅದಕ್ಕಿಂತ ಒಂದು ಸಾವಿರಾಂಶ ಇಂಚು ದೊಡ್ಡದಿರಲಿ. ಮೆತ್ತುವುದು ಬ್ಯಾರೆಲ್ಲಿನ ಬಾಯಿಯ ಕಡೆ ಜಾಸ್ತಿಯಾದರೆ ಸಾಮಾನ್ಯವಾಗಿ ಲೂಬ್ ಸಾಲದೆ ಹೋಗಿದೆ ಅಂತ.

ಚೆಕ್ ಕೂರಿಸುವಾಗ ಬೆರಳಲ್ಲಿ ಒತ್ತಿ, ವಾಲಿದೆಯಾ ನೋಡಿ, ನೇರ ಕೂತರೆ ಮಾತ್ರ ಸೈಜಿಂಗ್ ಡೈಗೆ (ಬುಲೆಟ್ಟನ್ನು ಸರಿಯಾದ ಅಳತೆಗೆ ತರುವ ಅಚ್ಚು) ತಳ್ಳಿ. ಡೈ ಒಳಗೆ ಹಾದು ಬರುವಾಗಲೇ ಅದರ ಅಂಚು ಸೀಸವನ್ನು ಕಚ್ಚಿ ಹಿಡಿಯುತ್ತದೆ. ವಾಲಿದ ಚೆಕ್ ಅಂದರೆ ವಾಲಿದ ಗುಂಡು, ಗುರಿ ಚೆದುರುತ್ತದೆ.

ಉತ್ತರ 3:
ಎರಡು ಮಾತು ಸೇರಿಸುತ್ತೇನೆ. ನಿಮ್ಮದು ಟ್ಯೂಬ್ ಮ್ಯಾಗಜಿನ್ (ತೋಟಾಗಳು ಒಂದರ ಹಿಂದೆ ಒಂದು ಕೂರುವ ಕೊಳವೆ) ಆಗಿದ್ದರೆ ಬುಲೆಟ್ಟಿನ ಮೂತಿ ಚಪ್ಪಟೆ ಇರಬೇಕು. ಚೂಪಾದದ್ದು ಮುಂದಿನ ತೋಟಾದ ಪ್ರೈಮರ್‌ಗೆ (ಪೌಡರಿಗೆ ಕಿಡಿ ಕೊಡುವ ಭಾಗ) ತಾಗಿ ಒಳಗೇ ಸಿಡಿಯಬಹುದು. ಡಬ್ಬಿಯಲ್ಲಿರುವುದು ಯಾವುದು ಅಂತ ಇವತ್ತೇ ನೋಡಿ. ಆಮೇಲೆ, ಚೆಕ್ ಕೇಸಿನ (ತೋಟಾದ ಲೋಹದ ಕೊಳವೆ) ಕತ್ತು ದಾಟಿ ಪೌಡರ್ ಕಡೆ ಇಳಿಯಬಾರದು. .30-30ರ ಕತ್ತು ಉದ್ದ, ಹಾಗಾಗಿ ತೊಂದರೆ ಕಡಿಮೆ. ಪೌಡರ್ ಅಳತೆಗೆ ರೀಲೋಡಿಂಗ್ ಮ್ಯಾನ್ಯುಅಲ್‌ನಲ್ಲಿ ಎರಕದ ಬುಲೆಟ್ಟಿನ ಪುಟವನ್ನೇ ನೋಡಿ, ತಾಮ್ರದ ಹೊದಿಕೆ ಇರುವ ಬುಲೆಟ್ಟಿನ ಲೆಕ್ಕ ಇಲ್ಲಿಗೆ ತರಬೇಡಿ. ಕೆಲಸ ಮುಗಿದ ಮೇಲೆ ಕೈ ಸೋಪ್ ಹಾಕಿ ತೊಳೆಯದೆ ಊಟಕ್ಕೆ ಕೂರಬೇಡಿ, ಮನೆಯಲ್ಲಿ ಮಕ್ಕಳಿದ್ದರಂತೂ ಆ ಬೆಂಚ್ ಹತ್ತಿರ ಬಿಡಲೇಬೇಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಮೂತಿ ಚಪ್ಪಟೆ ಇದೆ, ನೋಡಿದೆ. ಬ್ಯಾರೆಲ್ ಅಳೆದೆ, 0.308 ಇಂಚು ಬಂತು. ಡಬ್ಬಿಯ ಬುಲೆಟ್ 0.311. ಹಾಗಾದರೆ 0.309ರ ಡೈ ಸಾಕಲ್ವಾ?

ಉತ್ತರ 2:
ಸಾಕು. ಮೊದಲು ಹತ್ತೇ ಹತ್ತು ಮಾಡಿ, ಮ್ಯಾನ್ಯುಅಲ್‌ನ ಕಡಿಮೆ ಅಳತೆಯಿಂದ ಶುರು ಮಾಡಿ, ಹೊಡೆದ ಮೇಲೆ ಪ್ಯಾಚ್ ಎಳೆದು ಏನು ಬಂತು ಅಂತ ಇಲ್ಲಿ ಬರೆಯಿರಿ.