ಸಹಾಯ ಬೇಕು: ನಗರದ ಬಡ ಬಡಾವಣೆಯ ಪುಟ್ಟ ಮಕ್ಕಳ ಹುಳುಕು ಹಲ್ಲು

ಎಲ್ಲರಿಗೂ ನಮಸ್ಕಾರ. ಕೂಲಿ ಕಾರ್ಮಿಕರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೇಂದ್ರವೊಂದರಲ್ಲಿ ನಾನು ಕೆಲಸ ಮಾಡುತ್ತಿದ್ದು, ದಂತವೈದ್ಯರ ಮತ್ತು ಅನುಭವಿ ಕಾರ್ಯಕರ್ತರ ನೆರವು ಕೋರುತ್ತಿದ್ದೇನೆ.

ಎರಡು ವರ್ಷ ತುಂಬದ ಕೆಲವು ಮಕ್ಕಳ ಮೇಲ್ದುಟಿ ಎತ್ತಿ ನೋಡಿದರೆ, ಮುಂಭಾಗದ ಹಲ್ಲುಗಳಲ್ಲಿ ವಸಡಿನಂಚಿಗೆ ಸುಣ್ಣದಂಥ ಬಿಳಿ ಗೆರೆ ಕಾಣುತ್ತದೆ. ದೊಡ್ಡ ಮಕ್ಕಳಲ್ಲಿ ಅದೇ ಜಾಗ ಕಂದಾಗಿ ಗುಳಿಬಿದ್ದಿದೆ. ರಾತ್ರಿಯಿಡೀ ಬಾಯಲ್ಲಿರುವ ಸಿಹಿ ಹಾಲಿನ ಬಾಟಲಿ, ಪದೇ ಪದೇ ಸಿಗುವ ಅಗ್ಗದ ಸಿಹಿತಿಂಡಿ ಇದಕ್ಕೆ ಮುಖ್ಯ ಕಾರಣವೆಂದು ಬಲ್ಲೆ. ಆದರೆ ಬೆಳಗಾಗುವ ಮುನ್ನ ದುಡಿಯಲು ಹೊರಡುವ ತಾಯಂದಿರನ್ನು ದೂರುವುದು ನನಗೆ ಸರಿಕಾಣದು. ‘ಹಾಲುಹಲ್ಲು ಹೇಗೂ ಬೀಳುತ್ತದೆ’ ಎಂಬ ನಂಬಿಕೆಯೂ ಗಟ್ಟಿಯಾಗಿದೆ. ಹಾಲಿನ ದವಡೆ ಹಲ್ಲುಗಳು ಸುಮಾರು 10ರಿಂದ 12 ವರ್ಷದವರೆಗೂ ಇರಬೇಕಾದವು, ಅಲ್ಲಿಯತನಕ ಮಗು ನೋವಿನಲ್ಲೇ ಉಣ್ಣಬೇಕೇ?

ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ನಂತರದವರಿಗೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಹಚ್ಚಿ ಕೇಂದ್ರದಲ್ಲೇ ನಿತ್ಯ ಹಲ್ಲುಜ್ಜಿಸಬೇಕೆಂದಿದ್ದೇವೆ. ನೀರಿನ ಅಭಾವವಿರುವುದರಿಂದ, ಬಾಯಿ ಮುಕ್ಕಳಿಸದೆ ನೊರೆಯನ್ನಷ್ಟೇ ಉಗುಳಿಸುವ ಕ್ರಮವನ್ನು ಶಿಸ್ತಾಗಿ ನಡೆಸಿದವರು, ಬ್ರಷ್‌ಗಳು ಅದಲುಬದಲಾಗದಂತೆ ಹೇಗೆ ಇಟ್ಟಿರಿ ಎಂದು ದಯವಿಟ್ಟು ತಿಳಿಸಿ.

ಇನ್ನೊಂದು ಪ್ರಶ್ನೆ ವೈದ್ಯರಿಗೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ, ಹಲ್ಲಿಗೆ ಹಚ್ಚುವ ದ್ರವ ಔಷಧಿ ಕೊರೆಯದೆಯೇ ಹುಳುಕನ್ನು ತಡೆಯಬಲ್ಲದಾದರೂ, ಹಚ್ಚಿದ ಹುಳುಕಿನ ಜಾಗ ಕಾಯಂ ಕಪ್ಪಾಗುತ್ತದೆ. ಪೋಷಕರಿಗೆ ಇದನ್ನು ಮೊದಲೇ ವಿವರಿಸಿ ಒಪ್ಪಿಗೆ ಪಡೆಯುವುದು ಹೇಗೆ? ಮಕ್ಕಳನ್ನು ಕೇಂದ್ರಕ್ಕೇ ಬಂದು ತಪಾಸಣೆ ಮಾಡಬಲ್ಲವರಿದ್ದರೆ ದಯವಿಟ್ಟು ಇಲ್ಲಿಯೇ ಉತ್ತರಿಸಿ. ಕೆಲವು ಮಕ್ಕಳ ವಸಡು ಈಗಾಗಲೇ ಬಾತಿರುವುದರಿಂದ ಅವರನ್ನು ಮೊದಲು ತೋರಿಸಬೇಕಾಗಿದೆ.