ಬೂದು ಬಕ ಬಂದಿಳಿದರೆ ಟಿಟ್ಟಿಭ ಅರಚುತ್ತದೆ, ಬಾತು ಸುಮ್ಮನಿರುತ್ತದೆ. ಯಾಕೆ?

ನೀರಂಚು:
ಬೂದು ಬಕ ದಡಕ್ಕೆ ಬಂದಿಳಿದ ಕೂಡಲೇ ಟಿಟ್ಟಿಭಗಳು ಕಿವಿಗಡಚಿಕ್ಕುವ ಹಾಗೆ ಅರಚುತ್ತಾ ಮೇಲೆರಗುತ್ತವೆ. ನಾಮದ ಕೋಳಿ ತಲೆ ತಗ್ಗಿಸಿ ನೀರಿನ ಮೇಲೆ ಓಡಿ ಬರುತ್ತದೆ. ಆದರೆ ಬೆಳೆದ ಬಾತು, ಮೆಟ್ಟುಗಾಲು ಹಕ್ಕಿಗಳು ಅದರ ಆಸುಪಾಸಿನಲ್ಲೇ ಮೇಯುತ್ತಿರುತ್ತವೆ. ಮೀನು ತಿನ್ನುವ ಹಕ್ಕಿಯ ಮೇಲೆ ಇಷ್ಟು ಸಿಟ್ಟೇಕೆ? ಬಕ ನಿಜವಾಗಿಯೂ ಮರಿಗಳನ್ನು ತಿನ್ನುತ್ತದೆಯೇ? ಹದ್ದು ಬಂದರೆ ಎಲ್ಲ ಹಕ್ಕಿಗಳೂ ಒಟ್ಟಿಗೆ ಮೇಲೇಳುತ್ತವೆ, ಬಕ ಬಂದಾಗ ಹಾಗಾಗುವುದಿಲ್ಲವಲ್ಲ?

ಗರಿಗಣ್ಣು:
ತಿನ್ನುತ್ತದೆ, ಅನುಮಾನ ಬೇಡ. ಬೂದು ಬಕದ ಮುಖ್ಯ ಆಹಾರ ಮೀನು, ಹೆಚ್ಚಾಗಿ 10ರಿಂದ 25 ಸೆಂ.ಮೀ. ಉದ್ದದವು. ಆದರೆ ಅದು ಜಾತಿ ನೋಡಿ ಆರಿಸುವುದಿಲ್ಲ, ಗಾತ್ರ ನೋಡಿ ಆರಿಸುತ್ತದೆ. ಗಂಟಲಲ್ಲಿ ಇಳಿಯುವಂಥದ್ದು ಯಾವುದಾದರೂ ಸರಿ: ಕಪ್ಪೆ, ಏಡಿ, ಹಾವು, ಇಲಿ, ದೊಡ್ಡ ಕೀಟ, ಬಾತುಮರಿ. ಒಂದರಿಂದ ಎರಡು ಕೆ.ಜಿ. ತೂಗುವ ಈ ಹಕ್ಕಿಗೆ ದಿನಕ್ಕೆ ಸುಮಾರು 300–500 ಗ್ರಾಂ ಆಹಾರ ಬೇಕು.

ಹರಿದು ತಿನ್ನಲು ಹದ್ದಿಗಿರುವಂಥ ಬಾಗಿದ ಕೊಕ್ಕು ಇದಕ್ಕಿಲ್ಲ, ಇಡಿಯಾಗಿಯೇ ನುಂಗಬೇಕು. ಅದಕ್ಕೇ ಮೀನನ್ನು ಕೊಕ್ಕಿನಲ್ಲಿ ತಿರುಗಿಸಿಕೊಂಡು ತಲೆ ಮುಂದಾಗಿ ಇಳಿಸುತ್ತದೆ. ಬಾಲ ಮುಂದಾದರೆ ಈಜುರೆಕ್ಕೆಯ ಮುಳ್ಳುಗಳು ಬಿಚ್ಚಿಕೊಂಡು ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ತೀರಾ ದೊಡ್ಡ ಮೀನನ್ನು ನುಂಗಲು ಹೋಗಿ ಬಕವೇ ಸಾಯುವುದೂ ಉಂಟು. ಇಲಿ ಸಿಕ್ಕರೆ ನೀರಿಗೆ ಅದ್ದಿ ಅದ್ದಿ ತೆಗೆಯುತ್ತದೆ. ಒದ್ದಾಟವೂ ನಿಲ್ಲುತ್ತದೆ, ಒದ್ದೆಯಾದ ಕೂದಲು ಸಲೀಸಾಗಿ ಜಾರುತ್ತದೆ. ನುಂಗಿದ್ದು ಉಬ್ಬಾಗಿ ಕತ್ತಿನುದ್ದಕ್ಕೂ ಇಳಿಯುವುದು ದುರ್ಬೀನಿನಲ್ಲಿ ಚೆನ್ನಾಗಿ ಕಾಣುತ್ತದೆ. ಆಮೇಲೆ ಒಂದೆರಡು ಗುಟುಕು ನೀರು ಕುಡಿದು ಕೊಕ್ಕು ಕೊಡವುತ್ತದೆ.

ಜೊಂಡುಹುಲ್ಲು:
ಮೇಲೆ ಹೇಳಿದ ಗಾತ್ರದ ಲೆಕ್ಕಕ್ಕೆ ದೂರದ ಲೆಕ್ಕವನ್ನೂ ಸೇರಿಸಿಕೊಳ್ಳಿ. ಬಕದ ಆಯುಧ ಅದರ ಕತ್ತು. ಕತ್ತಿನ ಆರನೆಯ ಮೂಳೆಯ ರಚನೆಯೇ ಬೇರೆ. ಆ ಜಾಗದಲ್ಲಿ ಕತ್ತು ಮಡಿಚಿಕೊಂಡಿದ್ದು, ಸ್ಪ್ರಿಂಗಿನಂತೆ ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ. ಎಟುಕುವುದು ಸುಮಾರು ಅರ್ಧ ಮೀಟರು, ಜೊತೆಗೆ ಒಂದೆರಡು ಹೆಜ್ಜೆ. ಹಾರುವ ಹಕ್ಕಿಯನ್ನು ಅಟ್ಟಿ ಹಿಡಿಯುವ ಚುರುಕು ಅದರ ಹಾರಾಟಕ್ಕಿಲ್ಲ. ಬೆಳೆದ ಬಾತು ಅದರ ಗಂಟಲಿಗೂ ದೊಡ್ಡದು. ಹಾಗಿರುವಾಗ ಹೆದರುವ ಅಗತ್ಯ ಏನಿದೆ? ಹದ್ದಿನ ವಿಷಯ ಹಾಗಲ್ಲ. ಮೇಲಿಂದ ಎರಗುವ ಹಕ್ಕಿಯಿಂದ ನಾಲ್ಕು ಮೀಟರು ದೂರ ನಿಂತರೆ ಏನೂ ಪ್ರಯೋಜನವಿಲ್ಲ.

ಇನ್ನು ಟಿಟ್ಟಿಭ ಮತ್ತು ನಾಮದ ಕೋಳಿ. ಇವುಗಳ ಮರಿಗಳು ಹುಟ್ಟಿದ ಸ್ವಲ್ಪ ಕಾಲಕ್ಕೇ ಗೂಡು ಬಿಟ್ಟು ಓಡಾಡುತ್ತವೆ, ಈಜುತ್ತವೆ. ಅಲುಗಾಡದೆ ನಿಂತ ಬಕದ ಕಾಲಬುಡಕ್ಕೇ ಹೋಗಿಬಿಡಬಹುದು. ಬಕಧ್ಯಾನದ ಅಪಾಯ ಇರುವುದೇ ಅಲ್ಲಿ. ಅದಕ್ಕೇ ತಾಯಿ ತಂದೆ ಬಕವನ್ನು ಒಂದು ಕಡೆ ನೆಲೆಯಾಗಿ ನಿಲ್ಲಲು ಬಿಡುವುದಿಲ್ಲ. ಮರಿ ಇರುವಾಗ ಮೆಟ್ಟುಗಾಲು ಹಕ್ಕಿಯೂ ಸುಮ್ಮನಿರುವುದಿಲ್ಲ, ಗಮನಿಸಿ. ಮರಿಗಳು ಬೆಳೆದ ಮೇಲೆ ಅದೇ ಹಕ್ಕಿಗಳು ಬಕದ ಗೋಜಿಗೆ ಹೋಗುವುದು ಬಹಳ ಕಡಿಮೆ.

ರಾತ್ರಿ ಬೇಟೆಯಾಡುವ ಇನ್ನೊಂದು ಜಾತಿ, ಇರುಳು ಬಕದ ವಿಷಯ ಇನ್ನೂ ಗಂಭೀರ. ರೀವ ಎಂಬ ನೀರಹಕ್ಕಿಗಳು ಗುಂಪಾಗಿ ನೆಲದ ಮೇಲೆ ಗೂಡು ಮಾಡಿದ ಕಡೆ ಅದು ರಾತ್ರಿ ಬಂದು ಮರಿ ನುಂಗತೊಡಗಿದರೆ, ಕತ್ತಲಾದೊಡನೆ ಬೆಳೆದ ರೀವಗಳೆಲ್ಲ ಜಾಗ ಬಿಟ್ಟು ಹಾರುತ್ತವೆ. ಕಾವಿಲ್ಲದೆ ಮೊಟ್ಟೆಗಳು ತಣ್ಣಗಾಗಿ, ಮರಿಯಾಗುವುದು ಹಲವು ದಿನ ತಡವಾಗುತ್ತದೆ. ಬಕ ತಿಂದದ್ದಕ್ಕಿಂತ ಅದು ಹುಟ್ಟಿಸಿದ ಭಯದ ನಷ್ಟವೇ ಕೆಲವೊಮ್ಮೆ ಹೆಚ್ಚು.

ನೀರಂಚು:
ಈಗ ತಿಳಿಯಿತು, ಇಬ್ಬರಿಗೂ ಧನ್ಯವಾದ. ಆದರೆ ಮರಿಗಳ ಕಾಲ ಅಲ್ಲದಾಗಲೂ ಕಾಗೆ, ಕಡಲಕ್ಕಿಗಳು ಬಕದ ಬೆನ್ನು ಹತ್ತುತ್ತವೆ. ಬಕ ಬೇಟೆಗೆ ನಿಂತಿದೆಯೋ ವಿಶ್ರಾಂತಿಗೋ ಅಂತ ಹೇಗೆ ತಿಳಿಯುವುದು?

ಗರಿಗಣ್ಣು:
ಕಡಲಕ್ಕಿಯದು ಹೆಚ್ಚಾಗಿ ದರೋಡೆ. ಬಕ ಮೀನು ಹಿಡಿದಾಗಲೇ ಬೆನ್ನು ಹತ್ತಿದರೆ ಅದು ಕಸಿಯಲು. ಬಕವೂ ಕಡಿಮೆಯದಲ್ಲ, ನೀರುಕಾಗೆ, ಬೆಳ್ಳಕ್ಕಿಗಳ ಮೀನನ್ನು ಅದೂ ಕಸಿಯುತ್ತದೆ.

ನಿಲುವಿಗೆ ಬಂದರೆ: ಕತ್ತು ಭುಜದೊಳಗೆ ಹುದುಗಿದ್ದು ಒಂಟಿ ಕಾಲಲ್ಲಿದ್ದರೆ ವಿಶ್ರಾಂತಿ. ಮೈ ಮುಂದಕ್ಕೆ ಬಾಗಿ, ಕತ್ತು ಓರೆಯಾಗಿ ಚಾಚಿ, ಕೊಕ್ಕು ನೀರಿನತ್ತ ಇಳಿದಿದ್ದರೆ ಬೇಟೆ. ತಲೆ ಸ್ಥಿರವಾಗಿದ್ದು ಕತ್ತು ನಿಧಾನವಾಗಿ ಮಡಿಚಿಕೊಳ್ಳುತ್ತಿದ್ದರೆ ಹೊಡೆತ ಹತ್ತಿರ ಬಂತೆಂದೇ ಅರ್ಥ. ಮುಂಜಾವು, ಮುಸ್ಸಂಜೆ ನೋಡಲು ಒಳ್ಳೆಯ ಹೊತ್ತು.

ಹಾವಸೆ:
ಏನು ತಿಂದಿದೆ ಎಂದು ತಿಳಿಯಲು ಬಕ ಕಕ್ಕುವ ಉಂಡೆಗಳನ್ನು ಬಿಡಿಸಿ ನೋಡುವವರು ಒಂದು ಎಚ್ಚರ ವಹಿಸಬೇಕು. ಮೀನಿನ ಮೂಳೆ ಅದರ ಹೊಟ್ಟೆಯ ಆಮ್ಲದಲ್ಲಿ ಬಹುಪಾಲು ಕರಗಿಹೋಗುತ್ತದೆ. ಉಂಡೆಯಲ್ಲಿ ಉಳಿಯುವುದು ಇಲಿಯ ಕೂದಲು, ಗರಿ, ಕೀಟದ ಚಿಪ್ಪು. ಅಷ್ಟನ್ನೇ ನಂಬಿದರೆ ಬಕ ಇಲಿಯನ್ನೇ ತಿಂದು ಬದುಕುತ್ತದೆ ಎನಿಸುತ್ತದೆ. ಗೂಡಿನ ಮರದ ಬುಡದಲ್ಲಿ ಬಿದ್ದ ಮೀನಿನ ತುಣುಕುಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಆದರೆ ಅವುಗಳಿಗಾಗಿ ಮರಿಗಳಿರುವಾಗ ಮರದಡಿ ಹೋಗಬೇಡಿ. ಗಾಬರಿಯಾದ ಮರಿಗಳು ತಿಂದದ್ದನ್ನೆಲ್ಲ ಕಕ್ಕುತ್ತವೆ, ಕೊಂಬೆಯತ್ತ ಸರಿದು ಕೆಳಗೆ ಬೀಳುವುದೂ ಉಂಟು. ಮರಿಗಳು ಹಾರಿಹೋದ ಮೇಲೆ ಹೋಗಿ, ಆಗಲೂ ಅಲ್ಲಿ ಬೇಕಾದಷ್ಟು ಸಿಗುತ್ತದೆ.