ಗಂಡನ ಪಾಲಿನ ಮಾತ್ರೆ ಹೆಂಡತಿ ಕೈಲಿ ಕಳಿಸಬಹುದಾ?

ಸಮಾಲೋಚಕಿ_ಗದಗ: ಲೈಂಗಿಕ ಸಂಪರ್ಕದಿಂದ ಹರಡುವ ಗರ್ಭಕಂಠದ ಸೋಂಕಿಗೆ ಸುರಕ್ಷಾ ಕ್ಲಿನಿಕ್‌ಗಳಲ್ಲಿ (ಲೈಂಗಿಕ ರೋಗಗಳ ಸರ್ಕಾರಿ ಕ್ಲಿನಿಕ್) ಬೂದು ಬಣ್ಣದ ಕಿಟ್ ಇದೆ. ಅಜಿಥ್ರೋಮೈಸಿನ್ 1 ಗ್ರಾಂ, ಸೆಫಿಕ್ಸಿಮ್ 400 ಮಿಗ್ರಾಂ, ಎರಡೂ ಒಂದೇ ಸಲಕ್ಕೆ, ನಮ್ಮೆದುರಿಗೇ ನುಂಗಿಸೋದು. ಗಂಡನನ್ನ ಕರೆಸಿ ಅಂತ ಚೀಟಿ ಕೊಟ್ಟರೆ ಬರೋರು ಕಡಿಮೆ. ಗೋವಾಕ್ಕೆ ದುಡಿಯೋಕೆ ಹೋದವನು ಹಬ್ಬಕ್ಕೆ ಬಂದು ಹೋಗ್ತಾನೆ, ಆಕೆಗೆ ಮತ್ತೆ ಅದೇ ಸ್ರಾವ. ಎರಡನೇ ಕಿಟ್ ಆಕೆ ಕೈಗೇ ಕೊಟ್ಟು ಕಳಿಸೋದು ವಾಸಿ.

ಚರ್ಮವೈದ್ಯ: ಸ್ರಾವಕ್ಕಾದರೆ ಅರ್ಧ ಒಪ್ಪುತ್ತೇನೆ ಮೇಡಂ. ಜನನಾಂಗದಲ್ಲಿ ಹುಣ್ಣಿದ್ದರೆ ಖಂಡಿತ ಬೇಡ, ಅದು ಸಿಫಿಲಿಸ್ ಇರಬಹುದು. ಸಿಫಿಲಿಸ್‌ಗೆ ಬೇಕಾದ್ದು ಬೆಂಜಥೈನ್ ಪೆನ್ಸಿಲಿನ್ ಇಂಜೆಕ್ಷನ್ 24 ಲಕ್ಷ ಯೂನಿಟ್, ಎರಡು ಪೃಷ್ಠಕ್ಕೆ 12 ಲಕ್ಷದಂತೆ. ಮದ್ದು ಗಟ್ಟಿ, ಸಣ್ಣ ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ. ತೀವ್ರ ಅಲರ್ಜಿ ಆದರೆ ಕೊಡೋಕೆ ಪಕ್ಕದಲ್ಲಿ ಅಡ್ರಿನಲಿನ್ ಇರಲೇಬೇಕು. ಇದನ್ನು ಪೊಟ್ಟಣ ಕಟ್ಟಿ ಕಳಿಸೋಕಾಗಲ್ಲ.

ಸಂಗಾತಿಗೆ ವಿಡಿಆರ್‌ಎಲ್ (ಸಿಫಿಲಿಸ್‌ನ ರಕ್ತಪರೀಕ್ಷೆ) ನೆಗೆಟಿವ್ ಬಂತು ಅಂತ ವಾಪಸ್ ಕಳಿಸೋದೂ ತಪ್ಪೇ. ರೋಗಿಯದ್ದು ಆರಂಭದ ಹಂತದ ಸಿಫಿಲಿಸ್ ಆಗಿದ್ದು, ಕಳೆದ 90 ದಿನದೊಳಗೆ ಸಂಪರ್ಕ ಆಗಿದ್ದರೆ, ರಕ್ತದಲ್ಲಿ ಇನ್ನೂ ಕಾಣಿಸದೆ ಇರಬಹುದು. ರಕ್ತ ತೆಗೆದುಕೊಂಡು, ಅವತ್ತೇ ಇಂಜೆಕ್ಷನ್ ಕೊಡಿ. ಅವತ್ತು ರಾತ್ರಿ ಜ್ವರ, ಮೈಕೈ ನೋವು ಬರಬಹುದು ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಪೆನ್ಸಿಲಿನ್ ಅಲರ್ಜಿ ಅಂತ ಜೀವಮಾನವಿಡೀ ಬರೆಸಿಕೊಂಡು ಓಡಾಡ್ತಾರೆ.

ಫಾರ್ಮಸಿ_ಹುಬ್ಬಳ್ಳಿ: ಸ್ರಾವಕ್ಕೆ ಯಾಕೆ ಅರ್ಧ, ಸರ್?

ಚರ್ಮವೈದ್ಯ: ನೋಡದ ರೋಗಿಗೆ ಮಾತ್ರೆ ಅನ್ನೋದು ಒಂದು. ಕ್ಯಾಲಿಫೋರ್ನಿಯಾದಲ್ಲಿ 2001ರಲ್ಲೇ ಕ್ಲಮೀಡಿಯಾಕ್ಕೆ (ಇಂಥ ಸ್ರಾವ ತರುವ ಒಂದು ಸೋಂಕು) ಕಾನೂನು ಮಾಡಿ ಇದಕ್ಕೆ ದಾರಿ ಬಿಟ್ಟರು, ನಮ್ಮಲ್ಲಿ ಅಂಥದ್ದಿಲ್ಲ. ಇನ್ನೊಂದು, ಸ್ರಾವ ತರುವ ಇನ್ನೊಂದು ಸೋಂಕಾದ ಗೊನೊರಿಯಾ ಗಂಟಲಲ್ಲಿ ಕೂತಿದ್ದರೆ ಅದಕ್ಕೆ ಸೆಫಿಕ್ಸಿಮ್ ಸರಿಯಾಗಿ ನಾಟಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಸಂಗಾತಿಗೆ ಕಳಿಸೋ ಡೋಸನ್ನೇ 800 ಮಿಗ್ರಾಂಗೆ ಏರಿಸಿತು. ಮೂರನೆಯದು, ಆತ ಕ್ಲಿನಿಕ್ಕಿಗೇ ಬರದಿದ್ದರೆ ಎಚ್‌ಐವಿ, ಸಿಫಿಲಿಸ್ ಪರೀಕ್ಷೆಯೂ ಕೈತಪ್ಪುತ್ತದೆ. ಗಂಡಸರ ಜೊತೆ ಸಂಪರ್ಕ ಇರುವ ಗಂಡಸರ ವಿಷಯದಲ್ಲಿ ಇದು ದೊಡ್ಡ ನಷ್ಟ.

ಸಮಾಲೋಚಕಿ_ಗದಗ: ಬರೋದೇ ಇಲ್ಲ ಅನ್ನೋನಿಗೆ ಪರೀಕ್ಷೆ ಹೇಗೂ ಇಲ್ಲ ಸರ್, ಮಾತ್ರೆಯಾದರೂ ಹೊಟ್ಟೆಗೆ ಹೋಗಲಿ. ಪೊಟ್ಟಣದ ಜೊತೆ ಚೀಟಿ ಇರಬೇಕು: ಈ ಗುಂಪಿನ ಮಾತ್ರೆ ಹಿಂದೆ ಒಗ್ಗದೆ ಹೋಗಿದ್ದರೆ ಮುಟ್ಟಬೇಡಿ, ಒಂದು ಗಂಟೆಯೊಳಗೆ ವಾಂತಿಯಾದರೆ ಡೋಸ್ ಹೋದಂತೆ, ವೃಷಣ ಊದಿ ನೋಯುತ್ತಿದ್ದರೆ ಮಾತ್ರೆ ನಂಬಿ ಕೂರದೆ ಬನ್ನಿ. ಮನೇಲಿ ಹೊಡೆತ ಬೀಳೋ ಸೂಚನೆ ಇದ್ದರೆ ನಾನೂ ಕೊಡಲ್ಲ. ‘ನಿನಗೆಲ್ಲಿಂದ ಬಂತು’ ಅನ್ನೋ ಪ್ರಶ್ನೆ ಮೊದಲು ಬೀಳೋದು ಆಕೆ ಮೇಲೇ.

ಪ್ರಸೂತಿತಜ್ಞೆ: ಬಿಳಿಸೆರಗು ಅಂದ ಕೂಡಲೇ ಗಂಡನಿಗೂ ಮಾತ್ರೆ ಬರೆಯೋ ಚಾಳಿ ನಮ್ಮಲ್ಲಿದೆ, ಅದನ್ನ ಬಿಡಬೇಕು. ಲೈಂಗಿಕವಾಗಿ ಹರಡುವ ಟ್ರೈಕೊಮೊನಾಸ್ ಪರಾವಲಂಬಿ ಇದ್ದರೆ ಗಂಡನಿಗೂ ಕಡ್ಡಾಯ. ಯೀಸ್ಟ್ (ಶಿಲೀಂಧ್ರ) ಆದರೆ ಆತನಿಗೆ ತುರಿಕೆ, ಕೆಂಪಿದ್ದಾಗ ಮಾತ್ರ ಕ್ಲೋಟ್ರಿಮಜೋಲ್ ಕ್ರೀಂ. ಯೋನಿಯ ಬ್ಯಾಕ್ಟೀರಿಯಾ ಸಮತೋಲನ ತಪ್ಪುವ ಬ್ಯಾಕ್ಟೀರಿಯಲ್ ವಜೈನೋಸಿಸ್‌ಗೆ ಮಾತ್ರ ಲೆಕ್ಕ ಬದಲಾಗಿದೆ. 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಗಂಡಸಿಗೂ 7 ದಿನ ಮೆಟ್ರೊನಿಡಜೋಲ್ 400 ಮಿಗ್ರಾಂ ದಿನಕ್ಕೆರಡು, ಜೊತೆಗೆ ಶಿಶ್ನಕ್ಕೆ 2% ಕ್ಲಿಂಡಮೈಸಿನ್ ಕ್ರೀಂ ಕೊಟ್ಟರು. 12 ವಾರದಲ್ಲಿ ಮರುಕಳಿಕೆ 63%ರಿಂದ 35%ಕ್ಕೆ ಇಳಿಯಿತು. ಬರೀ ಮಾತ್ರೆ ಕೊಟ್ಟ ಹಳೇ ಪ್ರಯೋಗಗಳಲ್ಲಿ ಈ ಲಾಭ ಕಂಡಿರಲಿಲ್ಲ. ಪದೇ ಪದೇ ಮರುಕಳಿಸೋರಿಗೆ, ಒಬ್ಬನೇ ಸಂಗಾತಿ ಇದ್ದರೆ, ಬರೆಯೋದು ಸರಿ ಅಂತ ನನ್ನ ಅಭಿಪ್ರಾಯ.

ಫಾರ್ಮಸಿ_ಹುಬ್ಬಳ್ಳಿ: ಕ್ಲಿಂಡಮೈಸಿನ್ ಅಂತ ಕೇಳಿದರೆ ಅಂಗಡೀಲಿ ಮೊಡವೆಯ 1% ಜೆಲ್ ಕೈಗಿಡೋ ಸಾಧ್ಯತೆ ಇದೆ, ಚೀಟೀಲಿ 2% ಕ್ರೀಂ ಅಂತ ಬಿಡಿಸಿ ಬರೀರಿ ಮೇಡಂ. ಆ ಕ್ರೀಂನ ಎಣ್ಣೆಯಂಶಕ್ಕೆ ಕಾಂಡೋಮ್ ರಬ್ಬರ್ ಸಡಿಲಾಗುತ್ತೆ ಅಂತಲೂ ಹೇಳಿ. ಇನ್ನೊಂದು ಅನುಮಾನ: ಬೂದು ಕಿಟ್ ತಗೊಂಡ ಮೇಲೆ 7 ದಿನ ಸೇರಬಾರದು ಅಂತೀರಲ್ಲ, ಯಾರು ನುಂಗಿದ ದಿನದಿಂದ?

ಚರ್ಮವೈದ್ಯ: ಕೊನೆಗೆ ನುಂಗಿದವರಿಂದ. ಆಕೆ ಸೋಮವಾರ, ಆತ ಶುಕ್ರವಾರ ನುಂಗಿದರೆ ಮುಂದಿನ ಶುಕ್ರವಾರದವರೆಗೆ. ಔಷಧ ಫೇಲ್ ಆಯ್ತು ಅಂತ ದೊಡ್ಡ ಆಂಟಿಬಯೋಟಿಕ್‌ಗೆ ಏರುವ ಮುನ್ನ ಈ ತಾರೀಖು ಕೇಳಿ.